ಬ್ರಿಟನ್ನಿನಲ್ಲಿ ಖಾಸಗಿ ಪಾರ್ಕಿಂಗ್ ನೋಟಿಸ್ ಬಂದರೆ: ಕಟ್ಟುವ ಮುನ್ನ ಓದಬೇಕಾದ ಮಾರ್ಗದರ್ಶಿ

ಬ್ರಿಟನ್ನಿನ ಸೂಪರ್‌ಮಾರ್ಕೆಟ್, ರೀಟೇಲ್ ಪಾರ್ಕ್, ಜಿಮ್, ಆಸ್ಪತ್ರೆ, ಅಪಾರ್ಟ್‌ಮೆಂಟ್‌ಗಳಲ್ಲಿ ಕಾರು ನಿಲ್ಲಿಸುವ ಜಾಗವನ್ನು ಹೆಚ್ಚಾಗಿ ನೋಡಿಕೊಳ್ಳುವುದು ಖಾಸಗಿ ಕಂಪನಿಗಳು. ಅವುಗಳಿಂದ 100 ಪೌಂಡಿನ ನೋಟಿಸ್ ಬಂದಾಗ ಊರಿನಿಂದ ಹೊಸದಾಗಿ ಬಂದ ನಮ್ಮವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಪೊಲೀಸರ ದಂಡವೇ ಇರಬೇಕೆಂದು ಹೆದರಿ ಅಂದೇ ಕಟ್ಟಿಬಿಡುತ್ತಾರೆ. ಇಲ್ಲವೇ 'ಇದನ್ನೆಲ್ಲ ಯಾರೂ ಕೇಳಲ್ಲ, ಬಿಸಾಕು' ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಕಸದ ಬುಟ್ಟಿಗೆ ಹಾಕುತ್ತಾರೆ. ಎರಡನೆಯ ಸಲಹೆ 2012ಕ್ಕೆ ಮುಂಚಿನ ಕಾಲದ್ದು. ಈಗ ಹಾಗೆ ಮಾಡಿದವರ ಹೆಸರಿಗೆ ಕೋರ್ಟಿನ ತೀರ್ಪು ಬಂದು, ಮನೆ ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ ಗೊತ್ತಾಗುವುದುಂಟು. ಮೊದಲನೆಯದರಲ್ಲಿ ಕಟ್ಟಬೇಕಿಲ್ಲದ ಹಣವೂ ಹೋಗುತ್ತದೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯ. ಸ್ಕಾಟ್ಲೆಂಡ್‌ನ ವಿಷಯ ಬೇರೆ, ಅದನ್ನು ಕೊನೆಯ ಭಾಗದಲ್ಲಿ ಹೇಳಿದ್ದೇವೆ.

ಮೊದಲು: ನೋಟಿಸ್ ಯಾರದು?

ಕೌನ್ಸಿಲ್, ಎಂದರೆ ಊರಿನ ಸ್ಥಳೀಯ ಆಡಳಿತ, ಕಳುಹಿಸುವುದು ಪೆನಾಲ್ಟಿ ಚಾರ್ಜ್ ನೋಟಿಸ್. ಖಾಸಗಿ ಕಂಪನಿ ಕಳುಹಿಸುವುದು ಪಾರ್ಕಿಂಗ್ ಚಾರ್ಜ್ ನೋಟಿಸ್. ಎರಡನ್ನೂ ಪಿಸಿಎನ್ ಎಂದೇ ಕರೆಯುತ್ತಾರೆ. ಹಳದಿ-ಕಪ್ಪು ಪಟ್ಟಿಯ ಪ್ಲಾಸ್ಟಿಕ್ ಚೀಲದಲ್ಲಿ ಗಾಜಿಗೆ ಅಂಟಿಸುವುದೂ ಎರಡರಲ್ಲೂ ಒಂದೇ ರೀತಿ, ನೋಡಿದ ತಕ್ಷಣ ಎದೆ ಧಸಕ್ಕೆನ್ನಲಿ ಎಂದೇ ಹಾಗೆ ಮಾಡಿದ್ದಾರೇನೋ. ಕೌನ್ಸಿಲ್ ಹೆಸರು ಅಥವಾ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಹೆಸರು ಇದ್ದರೆ ಅದು ಕಾನೂನಿನ ದಂಡ, ಅದರ ಮೇಲ್ಮನವಿಯ ದಾರಿಯೇ ಬೇರೆ. ಈ ಬರಹ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಲಿಮಿಟೆಡ್ ಎಂದು ಕೊನೆಗೊಳ್ಳುವ ಕಂಪನಿಯ ಹೆಸರಿದ್ದರೆ, ನಿಮ್ಮ ಕೈಲಿರುವುದು 'ಬೋರ್ಡಿನಲ್ಲಿ ಬರೆದ ಷರತ್ತನ್ನು ಮುರಿದಿದ್ದೀರಿ, ಕರಾರಿನ ಪ್ರಕಾರ ಇಷ್ಟು ಕೊಡಿ' ಎಂಬ ಬಿಲ್ಲು. ಅದು ಅಪರಾಧವಲ್ಲ. ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ, ಕ್ರಿಮಿನಲ್ ದಾಖಲೆಗೆ ಸೇರುವುದಿಲ್ಲ, ಪೊಲೀಸರಿಗೆ ಇದರಲ್ಲಿ ಪಾತ್ರವೇ ಇಲ್ಲ.

ಬಿಲ್ಲು ಎಂದ ಮಾತ್ರಕ್ಕೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚೆಲ್ಮ್ಸ್‌ಫರ್ಡ್‌ನ ರಿವರ್‌ಸೈಡ್ ರೀಟೇಲ್ ಪಾರ್ಕ್‌ನಲ್ಲಿ ಎರಡು ಗಂಟೆಯ ಮಿತಿ ಮೀರಿ 56 ನಿಮಿಷ ಹೆಚ್ಚು ನಿಂತ ಕಾರಿಗೆ ಹಾಕಿದ 85 ಪೌಂಡ್ ಸರಿ ಎಂದು 2015ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿಯವರೆಗೆ ಎಲ್ಲರೂ ಬಳಸುತ್ತಿದ್ದ 'ನಿಮಗೆ ನಷ್ಟವೇ ಆಗಿಲ್ಲ, ಯಾಕೆ ಕೊಡಬೇಕು' ಎಂಬ ವಾದ ಅಂದಿಗೇ ಮುಗಿಯಿತು. ಇಂಟರ್‌ನೆಟ್ಟಿನಲ್ಲಿ ಸಿಗುವ ಹಳೆಯ ಮಾದರಿ ಪತ್ರಗಳಲ್ಲಿ ಈಗಲೂ ಅದೇ ವಾದವಿರುತ್ತದೆ, ನಕಲು ಮಾಡಬೇಡಿ. ಅದೇ ತೀರ್ಪು ನಿಮಗೆ ಅನುಕೂಲವಾಗುವುದು ಇನ್ನೊಂದು ಕಡೆಯಿಂದ: ಅಲ್ಲಿ ಬೋರ್ಡುಗಳು ದೊಡ್ಡದಾಗಿ, ಎದ್ದು ಕಾಣುವಂತೆ, ಮೊತ್ತ ಸ್ಪಷ್ಟವಾಗಿ ಇದ್ದವು ಎಂಬುದು ಆ ತೀರ್ಪಿನ ಆಧಾರಗಳಲ್ಲಿ ಒಂದು. ನಿಮ್ಮ ಜಾಗದಲ್ಲಿ ಹಾಗಿಲ್ಲದಿದ್ದರೆ ಆ ತೀರ್ಪನ್ನು ಅವರ ವಿರುದ್ಧವೇ ತಿರುಗಿಸಬಹುದು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ: ಚಾಲಕ ಯಾರೆಂದು ಬಾಯಿಬಿಡಬೇಡಿ

ಕರಾರು ಆಗಿದ್ದರೆ ಅದು ಬೋರ್ಡು ಓದಿ ಕಾರು ನಿಲ್ಲಿಸಿದ ಚಾಲಕನ ಜೊತೆ. ಕಂಪನಿಗೆ ಚಾಲಕ ಯಾರೆಂದು ಗೊತ್ತಿರುವುದಿಲ್ಲ. ಅದಕ್ಕೆ ಗೊತ್ತಿರುವುದು ನಂಬರ್ ಪ್ಲೇಟ್ ಮಾತ್ರ. ಅದನ್ನು ವಾಹನ ನೋಂದಣಿ ಮತ್ತು ಲೈಸೆನ್ಸ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಡಿವಿಎಲ್‌ಎಗೆ ಕೊಟ್ಟು, ಪ್ರತಿ ವಿಚಾರಣೆಗೆ 2.50 ಪೌಂಡ್ ಕಟ್ಟಿ, ಕಾರಿನ ನೋಂದಾಯಿತ ಕೀಪರ್ ಹೆಸರು ಮತ್ತು ವಿಳಾಸ ಪಡೆಯುತ್ತದೆ. ಕೀಪರ್ ಎಂದರೆ ಕಾರಿನ ನೋಂದಣಿ ದಾಖಲೆಯಾದ ವಿ5ಸಿ ಪುಸ್ತಕದಲ್ಲಿ ಹೆಸರಿರುವವರು. ಅವರೇ ಓಡಿಸುತ್ತಿದ್ದರು ಎಂದು ಕಾನೂನು ಊಹಿಸಿಕೊಳ್ಳುವುದಿಲ್ಲ. ಅದೇ ದಿನ ಹೆಂಡತಿ ಓಡಿಸಿರಬಹುದು, ಇನ್ಶೂರೆನ್ಸಿನಲ್ಲಿ ಹೆಸರಿರುವ ಸ್ನೇಹಿತ ಓಡಿಸಿರಬಹುದು.

ಚಾಲಕ ಗೊತ್ತಿಲ್ಲದಿದ್ದಾಗ ಕೀಪರ್ ಮೇಲೆ ಹೊರಿಸಲು ಕಂಪನಿಗಿರುವ ದಾರಿ ಒಂದೇ: ಪ್ರೊಟೆಕ್ಷನ್ ಆಫ್ ಫ್ರೀಡಮ್ಸ್ ಆ್ಯಕ್ಟ್ 2012ರ ನಾಲ್ಕನೆಯ ಶೆಡ್ಯೂಲ್ (ಕಾಯ್ದೆಯ ಅನುಬಂಧ). ಅದರಲ್ಲಿ ಹೇಳಿದ ದಿನಾಂಕ, ಹೇಳಿದ ಎಚ್ಚರಿಕೆಯ ಮಾತು, ಹೇಳಿದ ರೀತಿಯ ಜಮೀನು, ಮೂರೂ ಸರಿಯಾಗಿರಬೇಕು. ಒಂದು ತಪ್ಪಿದರೂ ಕೀಪರ್ ಹೊಣೆಯಲ್ಲ. ಇಷ್ಟು ಬಲವಾದ ವಾದವನ್ನು ಜನ ಒಂದೇ ಸಾಲಿನಲ್ಲಿ ಕಳೆದುಕೊಳ್ಳುತ್ತಾರೆ: 'ನಾನು ಎರಡು ಗಂಟೆಗೆ ನಿಲ್ಲಿಸಿ ಹಾಲು, ಮೊಸರು ತರಲು ಹೋಗಿದ್ದೆ.' ಆ 'ನಾನು' ಬರೆದ ಮೇಲೆ ಕಂಪನಿಗೆ ಶೆಡ್ಯೂಲಿನ ಹಂಗೇ ಇಲ್ಲ.

ಹಾಗಾಗಿ ಎಲ್ಲ ಪತ್ರಗಳಲ್ಲೂ 'ಚಾಲಕರು', 'ಕಾರಿನಲ್ಲಿದ್ದವರು' ಎಂದೇ ಬರೆಯಿರಿ. ಆನ್‌ಲೈನ್ ಅಪೀಲ್ ಫಾರಂನಲ್ಲಿ 'ನೀವು ಯಾರು' ಎಂದು ಕೇಳಿದರೆ 'ಕೀಪರ್' ಆರಿಸಿ. ಕೆಲವು ಫಾರಂಗಳು ಚಾಲಕನ ಹೆಸರಿಲ್ಲದೆ ಮುಂದಕ್ಕೇ ಬಿಡುವುದಿಲ್ಲ. ಆಗ ನೋಟಿಸಿನಲ್ಲಿರುವ ಅಂಚೆ ವಿಳಾಸಕ್ಕೆ ಪತ್ರ ಹಾಕಿ, ಪೋಸ್ಟ್ ಆಫೀಸಿನಲ್ಲಿ ಉಚಿತವಾಗಿ ಸಿಗುವ ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಇಟ್ಟುಕೊಳ್ಳಿ. ಸುಳ್ಳು ಹೇಳಬೇಕಿಲ್ಲ, ಹೇಳಲೂಬಾರದು. 'ಚಾಲಕರ ಹೆಸರು ತಿಳಿಸುವ ಬಾಧ್ಯತೆ ನನಗಿಲ್ಲ' ಎಂದರೆ ಸಾಕು. ಮುಂದೆ ಕೋರ್ಟಿನಲ್ಲಿ ನ್ಯಾಯಾಧೀಶರು ನೇರವಾಗಿ ಕೇಳಿದರಂತೂ ನಿಜವನ್ನೇ ಹೇಳಬೇಕು.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಸ್ಪೀಡ್ ಕ್ಯಾಮೆರಾ ವಿಷಯದಲ್ಲಿ ಪೊಲೀಸರು ಕಳುಹಿಸುವ ನೋಟಿಸಿಗೆ ಚಾಲಕರ ಹೆಸರು ಹೇಳಲೇಬೇಕು, ಹೇಳದಿರುವುದೇ ಅಪರಾಧ. ಮೇಲಿನ ಮಾತು ಖಾಸಗಿ ನೋಟಿಸಿಗೆ ಮಾತ್ರ.

ದಿನ ಎಣಿಸುವ ಲೆಕ್ಕ

ಕ್ಯಾಮೆರಾ ನಂಬರ್ ಓದಿ, ಗಾಜಿನ ಮೇಲೆ ಏನೂ ಅಂಟಿಸದೆ, ನೇರವಾಗಿ ಅಂಚೆಯಲ್ಲಿ ಬಂದ ನೋಟಿಸ್ ಆದರೆ ಕಾರು ನಿಂತ ದಿನದ ಮರುದಿನದಿಂದ ಎಣಿಸಿ 14 ದಿನದೊಳಗೆ ಅದು ನಿಮಗೆ ತಲುಪಿರಬೇಕು. ಅವರು ಬರೆದ ದಿನವಲ್ಲ, ಅಂಚೆಗೆ ಹಾಕಿದ ದಿನವೂ ಅಲ್ಲ, ತಲುಪಿದ ದಿನ. ಅಂಚೆಗೆ ಹಾಕಿದ ನಂತರದ ಎರಡನೆಯ ಕೆಲಸದ ದಿನ ತಲುಪಿತು ಎಂದು ಕಾನೂನು ಭಾವಿಸುತ್ತದೆ.

ಒಂದು ಲೆಕ್ಕ ನೋಡಿ. ಕಾರು ನಿಂತದ್ದು 2025ರ ಮಾರ್ಚ್ 3, ಸೋಮವಾರ. ಮಾರ್ಚ್ 4 ಮೊದಲ ದಿನ, ಮಾರ್ಚ್ 17 ಹದಿನಾಲ್ಕನೆಯ ದಿನ. ಮಾರ್ಚ್ 13ರ ಗುರುವಾರ ಅಂಚೆಗೆ ಹಾಕಿದ್ದರೆ ಶುಕ್ರವಾರ ಒಂದು, ಶನಿವಾರ-ಭಾನುವಾರ ಲೆಕ್ಕಕ್ಕಿಲ್ಲ, ಸೋಮವಾರ 17ಕ್ಕೆ ಎರಡು, ಕೂದಲೆಳೆಯಲ್ಲಿ ಪಾರು. ಮಾರ್ಚ್ 14ರ ಶುಕ್ರವಾರ ಹಾಕಿದ್ದರೆ ತಲುಪುವುದು ಮಂಗಳವಾರ 18ಕ್ಕೆ. ಒಂದು ದಿನ ತಡ, ಕೀಪರ್ ಹೊಣೆ ಹೋಯಿತು. ಬ್ಯಾಂಕ್ ಹಾಲಿಡೇ ನಡುವೆ ಬಂದರೆ ಅದನ್ನೂ ಬಿಡಿ. ಕ್ರಿಸ್‌ಮಸ್ ಮತ್ತು ಈಸ್ಟರ್ ಸುತ್ತಮುತ್ತ ಅವರು ಎಡವುವುದು ಇದರಿಂದಲೇ. ನೋಟಿಸಿನ ಮೇಲ್ಭಾಗದಲ್ಲಿ 'ಇಶ್ಯೂ ಡೇಟ್' ಇರುತ್ತದೆ, ಅದನ್ನೇ ಅಂಚೆಗೆ ಹಾಕಿದ ದಿನವೆಂದು ಹಿಡಿದು ಎಣಿಸಿ. ಲಕೋಟೆಯನ್ನು ಎಸೆಯಬೇಡಿ, ಅದರ ಮೇಲೆ ಬೇರೆ ದಿನಾಂಕವಿದ್ದರೆ ಅದು ನಿಮಗೆ ಇನ್ನೊಂದು ಸಾಕ್ಷಿ.

ಗಾಜಿಗೆ ಮೊದಲು ಚೀಟಿ ಅಂಟಿಸಿದ್ದರೆ ಲೆಕ್ಕ ಬೇರೆ. ಮೊದಲ 28 ದಿನ ಚಾಲಕನಿಗೆ ಬಿಟ್ಟದ್ದು. ಅದು ಮುಗಿದ ಮೇಲಿನ 28 ದಿನದಲ್ಲಿ, ಎಂದರೆ 29ನೆಯ ದಿನದಿಂದ 56ನೆಯ ದಿನದೊಳಗೆ, ಕೀಪರ್‌ಗೆ ಅಂಚೆ ನೋಟಿಸ್ ತಲುಪಬೇಕು. ಮಾರ್ಚ್ 3ರ ಚೀಟಿಗೆ ಏಪ್ರಿಲ್ 1ರಿಂದ 28ರವರೆಗೆ. ನೀವು ಮಧ್ಯದಲ್ಲಿ ಕೀಪರ್ ಎಂದು ಹೇಳಿಕೊಂಡು ಬರೆದರೂ ಅವರು ಈ ನೋಟಿಸ್ ಕೊಡಲೇಬೇಕು. ಪತ್ರ ಬಂತಲ್ಲ, ಇನ್ನು ಬೇಡ ಎಂದು ಬಿಟ್ಟುಬಿಡುವ ಕಂಪನಿಗಳಿವೆ.

ದಿನಾಂಕ ಸರಿಯಿದ್ದರೆ ಮಾತುಗಳನ್ನು ನೋಡಿ. ಯಾವ ಕಾರು, ಯಾವ ಜಾಗ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ನಿಂತಿತ್ತು ಎಂಬುದು ಇರಬೇಕು. 'ಚಾಲಕರ ಹೆಸರು, ವಿಳಾಸ ನಮಗೆ ಗೊತ್ತಿಲ್ಲ. ಹಣ ಕಟ್ಟಿ ಅಥವಾ ಚಾಲಕರ ವಿವರ ಕೊಡಿ. 28 ದಿನದಲ್ಲಿ ಎರಡೂ ಆಗದಿದ್ದರೆ ಕೀಪರ್ ಆದ ನಿಮ್ಮಿಂದ ವಸೂಲಿ ಮಾಡುವ ಹಕ್ಕು ನಮಗಿದೆ' ಎಂಬ ಅರ್ಥದ ಎಚ್ಚರಿಕೆ ಇರಬೇಕು. ಕೆಲವು ಕಂಪನಿಗಳ ನೋಟಿಸಿನಲ್ಲಿ ಈ ಶೆಡ್ಯೂಲಿನ ಸುದ್ದಿಯೇ ಇರುವುದಿಲ್ಲ, 'ನೀವೇ ಚಾಲಕರೆಂದು ಭಾವಿಸುತ್ತೇವೆ' ಎಂದು ಬರೆದಿರುತ್ತಾರೆ. ಅಂಥ ಪತ್ರ ಕೈಗೆ ಸಿಕ್ಕರೆ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಮೂರನೆಯದು ಜಮೀನು. ವಿಮಾನ ನಿಲ್ದಾಣ ಮತ್ತು ರೈಲ್ವೆ ನಿಲ್ದಾಣಗಳಂಥ ಕಡೆ ಪಾರ್ಕಿಂಗ್ ಮೇಲೆ ಬೈಲಾಗಳ (ಆ ಜಾಗಕ್ಕೆಂದೇ ಮಾಡಿದ ಕಾನೂನುಬದ್ಧ ನಿಯಮಗಳ) ಹಿಡಿತವಿದ್ದರೆ ಅದು ಈ ಶೆಡ್ಯೂಲಿನ ಅರ್ಥದಲ್ಲಿ 'ಸಂಬಂಧಿತ ಜಮೀನು' ಆಗುವುದಿಲ್ಲ. ಅಲ್ಲಿ ಕೀಪರ್ ಮೇಲೆ ಹೊರಿಸುವಂತಿಲ್ಲ. ಅಪ್ಪ ಅಮ್ಮನನ್ನು ಬೆಂಗಳೂರಿನ ವಿಮಾನಕ್ಕೆ ಬಿಡಲು ಹೀಥ್ರೂಗೆ ಹೋದವರಿಗೆ ಇದು ನೆನಪಿರಲಿ. ಅಲ್ಲಿನ ಟರ್ಮಿನಲ್ ಡ್ರಾಪ್-ಆಫ್ ಶುಲ್ಕವನ್ನು ಕಟ್ಟಲು ಗೇಟಾಗಲೀ ಯಂತ್ರವಾಗಲೀ ಇಲ್ಲ, ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನಿನಲ್ಲಿ ಕಟ್ಟಬೇಕು. ಸೂಟ್‌ಕೇಸಿನ ತೂಕ, ಉಪ್ಪಿನಕಾಯಿ ಡಬ್ಬದ ಗಲಾಟೆಯಲ್ಲಿ ಇದು ಮರೆತುಹೋಗುವುದೇ ಹೆಚ್ಚು.

ಮೂರೂ ಸರಿಯಾಗಿದ್ದರೆ? ಆಗ ಕೀಪರ್ ಹೊಣೆಯೇ. ಚಾಲಕನ ಹೆಸರು ಮುಚ್ಚಿಟ್ಟರೂ ಪ್ರಯೋಜನವಿಲ್ಲ, ನಡೆದ ಸಂಗತಿಯ ಮೇಲೆ ವಾದ ಮಾಡಬೇಕು.

ಸಾಕ್ಷಿ ಕೂಡಿಡುವುದು

ಆ ಜಾಗಕ್ಕೆ ಸಾಧ್ಯವಾದಷ್ಟು ಬೇಗ ಹೋಗಿ, ಅದೂ ಘಟನೆ ನಡೆದ ಹೊತ್ತಿಗೇ. ರಾತ್ರಿ ಏಳಕ್ಕೆ ನಿಂತ ಕಾರಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಬೋರ್ಡಿನ ಫೋಟೊ ಅವರಿಗೇ ಅನುಕೂಲ. ಒಳಗೆ ಬರುವ ದಾರಿಯಲ್ಲಿ ಬೋರ್ಡಿದೆಯೇ, ಕಾರು ನಿಂತ ಜಾಗದಿಂದ ಹತ್ತಿರದ ಬೋರ್ಡು ಎಷ್ಟು ಹೆಜ್ಜೆ, ಮರದ ಕೊಂಬೆ ಮುಚ್ಚಿದೆಯೇ, ದೀಪವಿದೆಯೇ, 100 ಪೌಂಡ್ ಎಂಬ ಮೊತ್ತ ಎಷ್ಟು ದೊಡ್ಡ ಅಕ್ಷರದಲ್ಲಿದೆ ಎಂಬುದನ್ನೆಲ್ಲ ಫೋಟೊ ತೆಗೆಯಿರಿ. ಅಕ್ಷರದ ಗಾತ್ರ ತೋರಿಸಲು ಪಕ್ಕದಲ್ಲಿ ಒಂದು ಬ್ಯಾಂಕ್ ಕಾರ್ಡ್ ಹಿಡಿದು ತೆಗೆದರೆ ವಿವರಿಸುವ ಕೆಲಸವೇ ಇಲ್ಲ. ಕಾರ್ಡಿನ ನಂಬರ್ ಮಾತ್ರ ಬೆರಳಲ್ಲಿ ಮುಚ್ಚಿ.

ಕ್ಯಾಮೆರಾ ಅಳೆಯುವುದು ಒಳಗೆ ಬಂದ ಹೊತ್ತು ಮತ್ತು ಹೊರಗೆ ಹೋದ ಹೊತ್ತನ್ನು. ಕಾರು ನಿಂತ ಹೊತ್ತನ್ನಲ್ಲ. ಶನಿವಾರ ಜಾಗ ಹುಡುಕಿ ಸುತ್ತಿದ್ದು, ಹೊರಹೋಗಲು ಸಾಲಿನಲ್ಲಿ ಕಾದದ್ದು ಎಲ್ಲ ಅದರಲ್ಲಿ ಸೇರಿರುತ್ತದೆ. ಉದ್ಯಮದ ಎರಡು ಸಂಘಗಳಾದ ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಮತ್ತು ಇಂಟರ್‌ನ್ಯಾಷನಲ್ ಪಾರ್ಕಿಂಗ್ ಕಮ್ಯುನಿಟಿ 2024ರಲ್ಲಿ ಒಂದೇ ನಿಯಮಾವಳಿಯನ್ನು ಒಪ್ಪಿಕೊಂಡಿವೆ. ಅದರ ಪ್ರಕಾರ ಬಂದ ಮೇಲೆ ಬೋರ್ಡು ಓದಿ ನಿಲ್ಲುವುದೋ ಹೋಗುವುದೋ ತೀರ್ಮಾನಿಸಲು ಸಾಮಾನ್ಯವಾಗಿ ಕನಿಷ್ಠ 5 ನಿಮಿಷ, ಅನುಮತಿಯ ಹೊತ್ತು ಮುಗಿದ ಮೇಲೆ ಹೊರಡಲು 10 ನಿಮಿಷ ಬಿಡಬೇಕು. 9 ನಿಮಿಷ ಮೀರಿದ್ದಕ್ಕೆ ನೋಟಿಸ್ ಬಂದಿದ್ದರೆ ಇದೊಂದೇ ಸಾಕು.

ಇನ್ನೊಂದು ಎಡವಟ್ಟು, ಎರಡು ಭೇಟಿಗಳನ್ನು ಒಂದಾಗಿ ಸೇರಿಸುವುದು. ಬೆಳಿಗ್ಗೆ ಮಗುವನ್ನು ಈಜು ಕ್ಲಾಸಿಗೆ ಬಿಟ್ಟು ಹೋಗಿ, ಮಧ್ಯಾಹ್ನ ಕರೆದುಕೊಳ್ಳಲು ಬಂದಿರುತ್ತಾರೆ. ಮುಂದೆ ದೊಡ್ಡ ವ್ಯಾನ್ ಇದ್ದು ಮೊದಲ ಸಲದ ಹೊರಹೋಗುವಿಕೆ ಕ್ಯಾಮೆರಾಗೆ ಬೀಳದಿದ್ದರೆ, ಕಾರು ನಾಲ್ಕು ಗಂಟೆ ಅಲ್ಲೇ ಇತ್ತು ಎಂದಾಗುತ್ತದೆ. ಫೋನಿನ ಲೊಕೇಶನ್ ದಾಖಲೆ, ನಡುವೆ ಬೇರೆ ಕಡೆ ಕಾರ್ಡ್ ಉಜ್ಜಿದ ಬ್ಯಾಂಕ್ ಸ್ಟೇಟ್‌ಮೆಂಟ್, ಡ್ಯಾಶ್‌ಕ್ಯಾಮ್ ಇದಕ್ಕೆ ಉತ್ತರ. ಅವು ಯಾರ ಫೋನಿನವು, ಯಾರ ಕಾರ್ಡಿನವು ಎಂಬುದರಿಂದ ಚಾಲಕ ಯಾರೆಂದು ಬಯಲಾಗದಂತೆ ನೋಡಿಕೊಳ್ಳಿ. ಹೆಸರಿನ ಮೇಲೆ ಕಪ್ಪು ಬಳಿಯುವುದು ತಪ್ಪಲ್ಲ.

ಹಣ ಕಟ್ಟಿಯೂ ನೋಟಿಸ್ ಬಂದಿದ್ದರೆ ಸಾಮಾನ್ಯವಾಗಿ ಯಂತ್ರದಲ್ಲಿ ನಂಬರ್ ತಪ್ಪಾಗಿ ಒತ್ತಿರುತ್ತೀರಿ. ಸೊನ್ನೆಯ ಬದಲು 'ಓ', ಒಂದರ ಬದಲು 'ಐ', ಅಥವಾ ಒಂದು ಅಕ್ಷರ ತಪ್ಪು. ಇಂಥ ಸಣ್ಣ ತಪ್ಪಿಗೆ ನೋಟಿಸ್ ರದ್ದು ಮಾಡಬೇಕೆಂದು ನಿಯಮಾವಳಿ ಹೇಳುತ್ತದೆ. ಮನೆಯ ಇನ್ನೊಂದು ಕಾರಿನ ನಂಬರ್ ಒತ್ತಿದಂಥ ದೊಡ್ಡ ತಪ್ಪಾದರೆ 20 ಪೌಂಡಿಗೆ ಇಳಿಸಬೇಕು. ಸಿಗ್ನಲ್ ಸಿಗದೆ, ಆ್ಯಪ್ ಡೌನ್‌ಲೋಡ್ ಆಗದೆ ಹಣ ಕಟ್ಟಲು ತಡವಾದವರಿಗೆ 2025ರ ಫೆಬ್ರವರಿಯ ತಿದ್ದುಪಡಿ ನೆರವಾಗುತ್ತದೆ: ಕ್ಯಾಮೆರಾ ಇರುವ ಜಾಗದಲ್ಲಿ ಹೊರಡುವ ಮುನ್ನ ಪೂರ್ತಿ ಶುಲ್ಕ ಕಟ್ಟಿದ್ದರೆ, ಕಟ್ಟಲು ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತೆಂಬ ಒಂದೇ ಕಾರಣಕ್ಕೆ ನೋಟಿಸ್ ಹಾಕುವಂತಿಲ್ಲ.

ಹೆಜ್ಜೆ 1: ಜಾಗದ ಮಾಲೀಕರ ಬಳಿ ಹೋಗಿ

ಎಲ್ಲಕ್ಕಿಂತ ಅಗ್ಗದ, ಬೇಗ ಕೆಲಸ ಮಾಡುವ ದಾರಿ ಇದು. ಜನ ಇದನ್ನೇ ಮರೆಯುತ್ತಾರೆ. ಸೂಪರ್‌ಮಾರ್ಕೆಟ್ ಆದರೆ ರಸೀದಿ ಹಿಡಿದು ಅಂಗಡಿಯ ಮ್ಯಾನೇಜರ್ ಬಳಿ ಹೋಗಿ, ಕಸ್ಟಮರ್ ಸರ್ವಿಸ್ ಕೌಂಟರಿನಲ್ಲಿ ಮಾತ್ರ ಕೇಳಿ ವಾಪಸ್ ಬರಬೇಡಿ. ರಸೀದಿ ಕಳೆದಿದ್ದರೆ ಲಾಯಲ್ಟಿ ಕಾರ್ಡಿನ ಆ್ಯಪ್‌ನಲ್ಲಿ ಖರೀದಿಯ ದಾಖಲೆ ಇರುತ್ತದೆ. ಜಿಮ್, ಜಿಪಿ ಸರ್ಜರಿ (ಸ್ಥಳೀಯ ವೈದ್ಯರ ಕ್ಲಿನಿಕ್), ಹೋಟೆಲ್, ದೇವಸ್ಥಾನದ ಕಾರ್ಯಕ್ರಮಕ್ಕೆ ಬಾಡಿಗೆಗೆ ಕೊಟ್ಟ ಸಭಾಂಗಣ, ಎಲ್ಲದಕ್ಕೂ ಇದೇ. ಒಪ್ಪದಿದ್ದರೆ ಮುಖ್ಯ ಕಚೇರಿಗೆ ಇಮೇಲ್ ಮಾಡಿ. ಪಾರ್ಕಿಂಗ್ ಕಂಪನಿಯನ್ನು ನೇಮಿಸಿದವರು ಅವರು, ಅವರು ಹೇಳಿದರೆ ರದ್ದಾಗುತ್ತದೆ. 'ನಮ್ಮ ಕೈಲಿಲ್ಲ' ಎಂಬ ಉತ್ತರ ಬಂದರೆ ಇನ್ನೊಂದು ಸಲ, ಇನ್ನೊಬ್ಬರನ್ನು ಕೇಳಿ. ಈ ಓಡಾಟದ ನಡುವೆ ಮುಂದಿನ ಹೆಜ್ಜೆಯ ಗಡುವು ದಾಟದಿರಲಿ.

ಸ್ವಂತ ಅಥವಾ ಬಾಡಿಗೆ ಫ್ಲಾಟಿನ ಮುಂದೆ ನಿಲ್ಲಿಸಿದ್ದಕ್ಕೆ ನೋಟಿಸ್ ಬಂದಿದ್ದರೆ ಲೀಸ್ ಅಥವಾ ಟೆನೆನ್ಸಿ ಪತ್ರ ತೆಗೆದು ಓದಿ. ಅದರಲ್ಲಿ ಪಾರ್ಕಿಂಗ್ ಹಕ್ಕು ಕೊಟ್ಟು, ಪರ್ಮಿಟ್ ಅಂಟಿಸಬೇಕೆಂಬ ಮಾತೇ ಇಲ್ಲದಿದ್ದರೆ, ಆಮೇಲೆ ಬಂದ ಕಂಪನಿಯೊಂದು ಬೋರ್ಡು ನೆಟ್ಟು ಆ ಹಕ್ಕನ್ನು ಕಸಿಯುವಂತಿಲ್ಲ ಎಂಬುದು ಗಟ್ಟಿ ವಾದ. ಬಾಗಿಲ ಮುಂದೆ ಸಾಮಾನು ಇಳಿಸಲು ಸ್ವಲ್ಪ ಹೊತ್ತು ನಿಲ್ಲಿಸುವುದು ಪಾರ್ಕಿಂಗ್ ಅಲ್ಲ ಎಂದು 2016ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟ್ ಮೇಲ್ಮನವಿಯಲ್ಲಿ ಹೇಳಿದೆ.

ಹೆಜ್ಜೆ 2: ಕಂಪನಿಗೆ ಅಪೀಲ್

ಸಾಮಾನ್ಯವಾಗಿ 28 ದಿನ ಸಮಯವಿರುತ್ತದೆ, ಆದರೆ ಮೊದಲ 14 ದಿನದಲ್ಲೇ ಹಾಕುವುದು ಒಳ್ಳೆಯದು. ಗರಿಷ್ಠ ಮೊತ್ತ 100 ಪೌಂಡ್. 14 ದಿನದಲ್ಲಿ ಕಟ್ಟಿದರೆ ಕನಿಷ್ಠ ಶೇ. 40 ರಿಯಾಯಿತಿ, ಎಂದರೆ 60 ಪೌಂಡ್. ಆ ಅವಧಿಯಲ್ಲಿ ಅಪೀಲ್ ಹಾಕಿ ಅದು ತಿರಸ್ಕೃತವಾದರೆ ರಿಯಾಯಿತಿ ದರವನ್ನು ಇನ್ನೊಮ್ಮೆ ಕೊಡುವುದು ರೂಢಿ, ತಿರಸ್ಕಾರದ ಪತ್ರದಲ್ಲಿ ಅದು ಬರೆದಿರುತ್ತದೆ.

ಪತ್ರ ಇಂಗ್ಲಿಷಿನಲ್ಲಿ, ಚಿಕ್ಕದಾಗಿ ಇರಲಿ. ಅದರ ಸಾರ ಹೀಗಿದ್ದರೆ ಸಾಕು:

'ನಾನು ಈ ವಾಹನದ ನೋಂದಾಯಿತ ಕೀಪರ್. ಈ ಶುಲ್ಕದ ಹೊಣೆಯನ್ನು ನಾನು ಒಪ್ಪುವುದಿಲ್ಲ. ಚಾಲಕರ ವಿವರ ಕೊಡುವ ಬಾಧ್ಯತೆ ನನಗಿಲ್ಲ, ಕೊಡುವುದೂ ಇಲ್ಲ. ಘಟನೆ ನಡೆದದ್ದು ಮಾರ್ಚ್ 3ಕ್ಕೆ. ನಿಮ್ಮ ನೋಟಿಸ್ ಹೊರಟದ್ದು ಮಾರ್ಚ್ 14ಕ್ಕೆ. ಕಾನೂನಿನ ಪ್ರಕಾರ ತಲುಪಿದ್ದು 18ಕ್ಕೆ. 2012ರ ಕಾಯ್ದೆಯ ನಾಲ್ಕನೆಯ ಶೆಡ್ಯೂಲಿನ 9ನೆಯ ಪ್ಯಾರಾ ಪಾಲನೆಯಾಗಿಲ್ಲವಾದ್ದರಿಂದ ಕೀಪರ್ ಹೊಣೆಯಾಗುವುದಿಲ್ಲ. ನೋಟಿಸ್ ರದ್ದು ಮಾಡಿ, ಇಲ್ಲವೇ ಸ್ವತಂತ್ರ ಮೇಲ್ಮನವಿಯ ಕೋಡ್ ಕೊಡಿ.'

ನಿಮ್ಮ ವಿಷಯಕ್ಕೆ ಹೊಂದುವ ಅಂಶವನ್ನು ಮಾತ್ರ ಹಾಕಿ. ಬೋರ್ಡು ಕಾಣಲಿಲ್ಲ, 10 ನಿಮಿಷದ ಬಿಡುವು ಕೊಟ್ಟಿಲ್ಲ, ಹಣ ಕಟ್ಟಿದ ರಸೀದಿ ಇಲ್ಲಿದೆ, ಹೀಗೆ. ಕೆಲಸದ ಒತ್ತಡ, ಮಗುವಿನ ಅಳು, ಹೊಸ ಊರು ಎಂಬ ಕಷ್ಟಗಳನ್ನು ಬರೆದರೆ ಸಾಮಾನ್ಯವಾಗಿ ಕೇಳುವವರಿಲ್ಲ, ಮೇಲಾಗಿ ಆ ವಿವರಗಳಲ್ಲೇ ಚಾಲಕ ಯಾರೆಂದು ಹೊರಬರುತ್ತದೆ. ಕಾರು ಕೆಟ್ಟು ನಿಂತದ್ದು, ವೈದ್ಯಕೀಯ ತುರ್ತು ಇವು ಬೇರೆ; ರಿಕವರಿ ಕಂಪನಿಯ ಅಥವಾ ಆಸ್ಪತ್ರೆಯ ದಾಖಲೆ ಜೊತೆಗಿಡಿ. ಅಂಗವೈಕಲ್ಯದಿಂದ ಹೆಚ್ಚು ಸಮಯ ಹಿಡಿಯಿತೆಂದಾದರೆ ಈಕ್ವಾಲಿಟಿ ಆ್ಯಕ್ಟ್ 2010ನ್ನು ಹೆಸರಿಸಿ. ಅಂಗವಿಕಲರಿಗೆ ಕೊಡುವ ಪಾರ್ಕಿಂಗ್ ಪರವಾನಗಿಯಾದ ಬ್ಲೂ ಬ್ಯಾಡ್ಜ್ ಒಂದೇ ಖಾಸಗಿ ಜಾಗದಲ್ಲಿ ತಾನಾಗಿ ರಿಯಾಯಿತಿ ಕೊಡಿಸುವುದಿಲ್ಲ.

ಕಾರು ಬಾಡಿಗೆಯದ್ದೋ ಕಂಪನಿ ಲೀಸಿನದ್ದೋ ಆದರೆ ಬಾಡಿಗೆ ಸಂಸ್ಥೆ ನಿಮ್ಮ ಹೆಸರು ಕೊಟ್ಟು, ತನ್ನ ನಿರ್ವಹಣಾ ಶುಲ್ಕವನ್ನೂ ನಿಮ್ಮ ಕಾರ್ಡಿನಿಂದ ಕಡಿದುಕೊಳ್ಳುತ್ತದೆ. 'ನೋಟಿಸನ್ನು ನೀವೇ ಕಟ್ಟಬೇಡಿ, ನನ್ನ ಹೆಸರಿಗೆ ವರ್ಗಾಯಿಸಿ' ಎಂದು ಅವರಿಗೆ ತಕ್ಷಣ ಬರೆಯಿರಿ. ನಿಮಗೆ ಬರುವ ನೋಟಿಸಿನ ಜೊತೆ ಬಾಡಿಗೆ ಕರಾರಿನ ಪ್ರತಿ ಮತ್ತು ನೀವು ಸಹಿ ಮಾಡಿದ ಹೊಣೆಗಾರಿಕೆಯ ಹೇಳಿಕೆ ಇರಬೇಕು. ಇವನ್ನು ಲಗತ್ತಿಸಲು ಪಾರ್ಕಿಂಗ್ ಕಂಪನಿಗಳು ಮರೆಯುವುದು ಹೆಚ್ಚು, ಮರೆತರೆ ಹೊಣೆ ನಿಮಗೆ ವರ್ಗವಾಗುವುದಿಲ್ಲ.

ಹೆಜ್ಜೆ 3: ಪಾಪ್ಲಾ ಅಥವಾ ಐಎಎಸ್

ಕಂಪನಿ ತಿರಸ್ಕರಿಸಿದರೆ ಅದು ಯಾವ ಸಂಘದ ಸದಸ್ಯ ಎಂಬುದರ ಮೇಲೆ ಮುಂದಿನ ದಾರಿ. ಬ್ರಿಟಿಷ್ ಪಾರ್ಕಿಂಗ್ ಅಸೋಸಿಯೇಷನ್ ಆದರೆ ಪಾಪ್ಲಾ ಎಂಬ ಸ್ವತಂತ್ರ ಮೇಲ್ಮನವಿ ಸಂಸ್ಥೆ. ಹತ್ತಂಕಿಯ ಕೋಡ್ ಕೊಡುತ್ತಾರೆ, 28 ದಿನದಲ್ಲಿ ಹಾಕಬೇಕು, ಶುಲ್ಕವಿಲ್ಲ. ಇನ್ನೊಂದು ಸಂಘವಾದರೆ ಇಂಡಿಪೆಂಡೆಂಟ್ ಅಪೀಲ್ಸ್ ಸರ್ವಿಸ್, ಚಿಕ್ಕದಾಗಿ ಐಎಎಸ್ (ನಮ್ಮ ಊರಿನ ಡಿಸಿ ಸಾಹೇಬರ ಐಎಎಸ್ ಅಲ್ಲ). ಅದರ ಗಡುವು ತಿರಸ್ಕಾರದ ಪತ್ರದಲ್ಲೇ ಇರುತ್ತದೆ.

ಪಾಪ್ಲಾದಲ್ಲಿ ಶ್ರಮ ಹಾಕಿ. ಫಾರಂನ ಸಣ್ಣ ಪೆಟ್ಟಿಗೆಯಲ್ಲಿ ಬರೆಯದೆ ಎಲ್ಲ ಅಂಶವನ್ನೂ ಫೋಟೊ ಸಹಿತ ಒಂದೇ ಪಿಡಿಎಫ್ ಮಾಡಿ ಲಗತ್ತಿಸಿ. ಶೆಡ್ಯೂಲಿನ ತಪ್ಪು ಮೊದಲು, ಆಮೇಲೆ 'ಚಾಲಕ ಯಾರೆಂದು ಕಂಪನಿ ತೋರಿಸಿಲ್ಲ', ಆಮೇಲೆ ಬೋರ್ಡುಗಳು, ಕೊನೆಗೆ 'ಈ ಜಾಗದಲ್ಲಿ ನೋಟಿಸ್ ಕೊಡಲು ಜಮೀನಿನ ಮಾಲೀಕರಿಂದ ಅಧಿಕಾರವಿದೆ ಎಂಬ ಚಾಲ್ತಿಯಲ್ಲಿರುವ ಕರಾರು ತೋರಿಸಿ'. ಈ ಕೊನೆಯ ಅಂಶವನ್ನು ಬಹಳ ಜನ ಬಿಡುತ್ತಾರೆ. ಕಂಪನಿ ತೋರಿಸುವ ಕರಾರು ಅವಧಿ ಮುಗಿದದ್ದಾಗಿರಬಹುದು, ಬೇರೆ ವಿಳಾಸದ್ದಾಗಿರಬಹುದು, ಸಹಿಯ ಜಾಗವನ್ನೆಲ್ಲ ಕಪ್ಪು ಬಳಿದದ್ದಾಗಿರಬಹುದು. ಕಂಪನಿ ತನ್ನ ಸಾಕ್ಷ್ಯ ಹಾಕಿದ ಮೇಲೆ ನಿಮಗೆ ಪ್ರತಿಕ್ರಿಯೆಗೆ 7 ದಿನ ಸಿಗುತ್ತದೆ. ಆ ಇಮೇಲ್ ಸ್ಪ್ಯಾಮ್‌ಗೆ ಹೋಗದಂತೆ ನೋಡಿಕೊಳ್ಳಿ. ಅಲ್ಲಿ ಹೊಸ ವಾದ ತೆಗೆಯುವಂತಿಲ್ಲ, ಅವರ ಸಾಕ್ಷ್ಯದ ತಪ್ಪುಗಳನ್ನು ಮಾತ್ರ ತೋರಿಸಿ.

ಗೆದ್ದರೆ ಕಂಪನಿ ಅದಕ್ಕೆ ಬದ್ಧ. ಸೋತರೆ ನೀವು ಬದ್ಧರಲ್ಲ; ಕಟ್ಟಬಹುದು ಅಥವಾ ಕೋರ್ಟಿಗೆ ಹೋಗಲಿ ಎಂದು ಕಾಯಬಹುದು. ಆದರೆ 60 ಪೌಂಡಿನ ರಿಯಾಯಿತಿ ಅಷ್ಟರಲ್ಲಿ ಹೋಗಿರುತ್ತದೆ. ಐಎಎಸ್‌ನಲ್ಲಿ ಗೆಲ್ಲುವುದು ಕಷ್ಟ ಎಂಬುದು ನಮ್ಮ ಅಭಿಪ್ರಾಯ. ವಾದ ಗಟ್ಟಿಯಿದ್ದರೆ ಮಾತ್ರ ಹಾಕಿ, ಸೋತರೆ ಧೈರ್ಯಗೆಡಬೇಡಿ.

ವಸೂಲಿಗಾರರ ಪತ್ರಗಳು

ಆಮೇಲೆ ಕೆಂಪು ಅಕ್ಷರದ ಪತ್ರಗಳು ಶುರುವಾಗುತ್ತವೆ. 100 ಪೌಂಡ್ 170 ಆಗಿರುತ್ತದೆ. ಸಾಲ ವಸೂಲಿ ಕಂಪನಿಗಳು ಬೇಲಿಫ್‌ಗಳಲ್ಲ, ಎಂದರೆ ಕೋರ್ಟಿನ ಜಪ್ತಿ ಅಧಿಕಾರಿಗಳಲ್ಲ. ಮನೆಗೆ ನುಗ್ಗಿ ಟಿವಿ ಹೊತ್ತೊಯ್ಯುವ ಅಧಿಕಾರ ಅವರಿಗಿಲ್ಲ. ಆ 70 ಪೌಂಡನ್ನು ಕೀಪರ್‌ನಿಂದ ಕೇಳುವಂತಿಲ್ಲ. ನೋಟಿಸಿನಲ್ಲಿ ಬರೆದ ಮೊತ್ತಕ್ಕಿಂತ ಹೆಚ್ಚು ಕೀಪರ್‌ನಿಂದ ವಸೂಲಿ ಇಲ್ಲವೆಂದು ಶೆಡ್ಯೂಲೇ ಹೇಳುತ್ತದೆ. ಈ ಪತ್ರಗಳನ್ನು ಫೈಲಿನಲ್ಲಿಡಿ, ಉತ್ತರಿಸಬೇಕಿಲ್ಲ, ಫೋನ್ ಅಂತೂ ಮಾಡಲೇಬೇಡಿ.

ಉತ್ತರಿಸಲೇಬೇಕಾದ ಪತ್ರ ಒಂದಿದೆ: 'ಲೆಟರ್ ಆಫ್ ಕ್ಲೇಮ್' ಅಥವಾ 'ಲೆಟರ್ ಬಿಫೋರ್ ಕ್ಲೇಮ್'. 30 ದಿನ ಸಮಯವಿರುತ್ತದೆ. ಸಾಲ ಒಪ್ಪುವುದಿಲ್ಲ, ಕಾರಣ ಇಂಥದು, ಎಂದು ಇಮೇಲ್ ಮಾಡಿ. ಇದೇ ಹೊತ್ತಿಗೆ ಪಾರ್ಕಿಂಗ್ ಕಂಪನಿಯ ಡೇಟಾ ಪ್ರೊಟೆಕ್ಷನ್ ಅಧಿಕಾರಿಗೆ ಸಬ್ಜೆಕ್ಟ್ ಆ್ಯಕ್ಸೆಸ್ ರಿಕ್ವೆಸ್ಟ್ ಕಳುಹಿಸಿ. ನಿಮ್ಮ ಬಗ್ಗೆ ಇರುವ ಎಲ್ಲ ಫೋಟೊ, ಪತ್ರ, ಪಾವತಿಯ ದಾಖಲೆಯನ್ನು ಒಂದು ತಿಂಗಳಲ್ಲಿ ಉಚಿತವಾಗಿ ಕೊಡಬೇಕು.

ಕೋರ್ಟಿನ ಲಕೋಟೆ ಬಂದರೆ

ನಾರ್ಥಾಂಪ್ಟನ್‌ನ ಸಿವಿಲ್ ನ್ಯಾಷನಲ್ ಬಿಸಿನೆಸ್ ಸೆಂಟರ್‌ನಿಂದ ಬಂದ ಕ್ಲೇಮ್ ಫಾರಂ ನಿಜವಾದ ಕೋರ್ಟ್ ಕಾಗದ. ಫಾರಂ ಹೊರಡಿಸಿದ ದಿನಾಂಕಕ್ಕೆ 5 ದಿನ ಸೇರಿಸಿದರೆ ಅದು ನಿಮಗೆ ತಲುಪಿದ ದಿನ ಎಂದು ಲೆಕ್ಕ. ಅಲ್ಲಿಂದ 14 ದಿನದೊಳಗೆ ಫಾರಂನಲ್ಲಿರುವ ಪಾಸ್‌ವರ್ಡ್ ಬಳಸಿ ಆನ್‌ಲೈನಿನಲ್ಲಿ 'ಅಕ್ನಾಲೆಜ್‌ಮೆಂಟ್ ಆಫ್ ಸರ್ವಿಸ್' (ಫಾರಂ ತಲುಪಿದೆ ಎಂಬ ಸ್ವೀಕೃತಿ) ಹಾಕಿ, ಪೂರ್ತಿ ಮೊತ್ತವನ್ನು ವಿರೋಧಿಸುತ್ತೇನೆ ಎಂದು ಆರಿಸಿ. ಆಗ ಡಿಫೆನ್ಸ್, ಎಂದರೆ ನಿಮ್ಮ ಲಿಖಿತ ಪ್ರತಿವಾದ, ಸಲ್ಲಿಸಲು ತಲುಪಿದ ದಿನದಿಂದ 28 ದಿನ, ಎಂದರೆ ಹೊರಡಿಸಿದ ದಿನದಿಂದ ಒಟ್ಟು 33 ದಿನ ಸಿಗುತ್ತದೆ. ಅಕ್ನಾಲೆಜ್ ಮಾಡುವಾಗಲೇ ಅವಸರದಲ್ಲಿ ಡಿಫೆನ್ಸ್ ಪೆಟ್ಟಿಗೆಯಲ್ಲಿ ಎರಡು ಸಾಲು ಟೈಪ್ ಮಾಡಿ ಕಳಿಸಿಬಿಟ್ಟರೆ ಅದೇ ನಿಮ್ಮ ಡಿಫೆನ್ಸ್ ಆಗಿಬಿಡುತ್ತದೆ, ಜೋಕೆ.

ಡಿಫೆನ್ಸ್‌ನಲ್ಲಿ ಅಪೀಲಿನ ಅಂಶಗಳನ್ನೇ ಪ್ಯಾರಾ ಸಂಖ್ಯೆ ಹಾಕಿ ಬರೆಯಿರಿ. ಯಾವ ಷರತ್ತು ಮುರಿದಿರಿ ಎಂದು ಕ್ಲೇಮ್‌ನಲ್ಲಿ ಸ್ಪಷ್ಟವಾಗಿ ಹೇಳಿಲ್ಲದಿದ್ದರೆ ಅದನ್ನೂ ಎತ್ತಿ ತೋರಿಸಿ. ಆಮೇಲೆ ಕೋರ್ಟ್ ಕಳುಹಿಸುವ ಎನ್180 ಎಂಬ ಪ್ರಶ್ನಾವಳಿ, ಅದರ ನಂತರ ಒಂದು ಗಂಟೆಯ ಉಚಿತ ಫೋನ್ ಮಧ್ಯಸ್ಥಿಕೆ. 2024ರ ಮೇ 22ರಿಂದ ಇದು ಕಡ್ಡಾಯ. ಫೋನ್ ಎತ್ತಲೇಬೇಕು, ಒಪ್ಪಲೇಬೇಕೆಂದಿಲ್ಲ. ವಿಚಾರಣೆ ನಿಮ್ಮ ಹತ್ತಿರದ ಕೌಂಟಿ ಕೋರ್ಟಿನಲ್ಲಿ. ಸಾಮಾನ್ಯವಾಗಿ ಅದಕ್ಕೆ 14 ದಿನ ಮುಂಚೆ ನಿಮ್ಮ ಸಾಕ್ಷಿ ಹೇಳಿಕೆ ಮತ್ತು ಫೋಟೊಗಳನ್ನು ಕೋರ್ಟಿಗೂ ಎದುರಾಳಿಗೂ ಕಳುಹಿಸಿರಬೇಕು. ವಿಚಾರಣಾ ಶುಲ್ಕ ಕಟ್ಟುವ ಗಡುವು ಹತ್ತಿರ ಬಂದಾಗ ಕಂಪನಿಯೇ ಕೇಸು ಹಿಂತೆಗೆದುಕೊಳ್ಳುವುದೂ ಉಂಟು.

ಸೋತರೆ ಎಷ್ಟು? 300 ಪೌಂಡಿನೊಳಗಿನ ಕ್ಲೇಮ್‌ಗೆ ಕೋರ್ಟ್ ಶುಲ್ಕ 35, ವಕೀಲರ ನಿಗದಿತ ವೆಚ್ಚ 50, ವಿಚಾರಣಾ ಶುಲ್ಕ 27, ಜೊತೆಗೆ ಮೂಲ ಮೊತ್ತ ಮತ್ತು ಒಂದಿಷ್ಟು ಬಡ್ಡಿ. ಸ್ಮಾಲ್ ಕ್ಲೇಮ್ಸ್ ಎನ್ನುವ ಇಂಥ ಸಣ್ಣ ಮೊತ್ತದ ಕೇಸುಗಳಲ್ಲಿ ಎದುರಾಳಿಯ ವಕೀಲರ ಫೀಸು ಸಾಮಾನ್ಯವಾಗಿ ನಿಮ್ಮ ಮೇಲೆ ಬೀಳುವುದಿಲ್ಲ. ಬಹಳ ಜನ ಹೆದರುವ ಸಿಸಿಜೆ, ಎಂದರೆ ಕೌಂಟಿ ಕೋರ್ಟ್ ಜಡ್ಜ್‌ಮೆಂಟ್, ಒಂದು ತಿಂಗಳೊಳಗೆ ಪೂರ್ತಿ ಕಟ್ಟಿದರೆ ದಾಖಲೆಯಿಂದ ತೆಗೆದುಹಾಕಲ್ಪಡುತ್ತದೆ. ಕಟ್ಟದಿದ್ದರೆ ಆರು ವರ್ಷ ಇರುತ್ತದೆ.

ವಿಳಾಸ: ನಮ್ಮವರು ಸಿಕ್ಕಿಬೀಳುವ ಜಾಗ

ವಾದದಲ್ಲಿ ಸೋತವರಿಗಿಂತ ಪತ್ರವನ್ನೇ ನೋಡದವರಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ಪ್ರಾಜೆಕ್ಟ್ ಬದಲಾಗಿ ರೆಡಿಂಗ್‌ನಿಂದ ಮಿಲ್ಟನ್ ಕೀನ್ಸ್‌ಗೆ ಮನೆ ಬದಲಿಸಿದಾಗ ಲೈಸೆನ್ಸಿನ ವಿಳಾಸ ತಿದ್ದಿಸುತ್ತಾರೆ, ವಿ5ಸಿ ಮರೆಯುತ್ತಾರೆ. ಎರಡೂ ಡಿವಿಎಲ್‌ಎನಲ್ಲಿ ಬೇರೆ ಬೇರೆ. ಎರಡನ್ನೂ ತಿದ್ದಬೇಕು, ತಿದ್ದದಿದ್ದರೆ 1,000 ಪೌಂಡಿನವರೆಗೆ ದಂಡವೂ ಇದೆ. ಹಳೆಯ ಮನೆಗೆ ನೋಟಿಸ್, ವಸೂಲಿ ಪತ್ರ, ಕೋರ್ಟ್ ಫಾರಂ ಎಲ್ಲ ಹೋಗಿ, ಉತ್ತರವಿಲ್ಲವೆಂದು ತೀರ್ಪು ಆಗಿಬಿಡುತ್ತದೆ. ಅದನ್ನು ರದ್ದು ಮಾಡಿಸಲು ಎನ್244 ಅರ್ಜಿ ಹಾಕಬೇಕು, ಶುಲ್ಕವೇ 300 ಪೌಂಡಿಗೂ ಹೆಚ್ಚು. ಗೊತ್ತಾದ ಕೂಡಲೇ ಹಾಕದಿದ್ದರೆ ಅದೂ ಕಷ್ಟ.

ಮೊದಲು ನೋಟಿಸ್ ಬಂದು, ಆಮೇಲೆ ನೀವು ಮನೆ ಬದಲಿಸಿದರೆ ವಿ5ಸಿ ತಿದ್ದುವುದು ಸಾಲದು, ಏಕೆಂದರೆ ಕಂಪನಿ ಡಿವಿಎಲ್‌ಎಯನ್ನು ಮತ್ತೆ ಕೇಳುವುದಿಲ್ಲ. ಪಾರ್ಕಿಂಗ್ ಕಂಪನಿಗೂ ಅದರ ವಕೀಲರಿಗೂ 'ಹಳೆಯ ವಿಳಾಸ ಅಳಿಸಿ, ಇನ್ನು ಮುಂದೆ ಈ ವಿಳಾಸ' ಎಂದು ಇಮೇಲ್ ಮಾಡಿ ಇಟ್ಟುಕೊಳ್ಳಿ. ರಜೆಗೆ ನಾಲ್ಕೈದು ವಾರ ಊರಿಗೆ ಹೋಗುವಾಗ ಅಂಚೆ ತೆರೆದು ಫೋಟೊ ಕಳಿಸುವವರೊಬ್ಬರನ್ನು ಗೊತ್ತುಮಾಡಿ ಹೋಗಿ. 33 ದಿನ ಬೆಂಗಳೂರು-ಮಂಗಳೂರು ಓಡಾಟದಲ್ಲೇ ಕಳೆದುಬಿಡುತ್ತದೆ. ಖಾಯಂ ಊರಿಗೆ ಮರಳುವವರು ಕಾರು ಮಾರಿದ ದಿನವೇ ಡಿವಿಎಲ್‌ಎಗೆ ತಿಳಿಸಿ, ದೃಢೀಕರಣದ ಇಮೇಲ್ ಜೋಪಾನವಾಗಿಡಿ. ಕಂಪನಿಗೆ ಕೋರ್ಟಿಗೆ ಹೋಗಲು ಆರು ವರ್ಷ ಸಮಯವಿರುತ್ತದೆ.

ಸ್ಕಾಟ್ಲೆಂಡ್, ಮತ್ತು ಸುಮ್ಮನೆ ಕಟ್ಟಬೇಕಾದ ಸಂದರ್ಭ

2012ರ ಶೆಡ್ಯೂಲ್ ಸ್ಕಾಟ್ಲೆಂಡ್‌ನಲ್ಲಿ ಇಲ್ಲ. ಅಲ್ಲಿ ಚಾಲಕ ಯಾರೆಂದು ಕಂಪನಿಯೇ ತೋರಿಸಬೇಕು, ಕಾಲಮಿತಿ ಐದು ವರ್ಷ. ಹಾಗೆಂದು ಎಲ್ಲ ನೋಟಿಸುಗಳನ್ನೂ ಗುಡ್ಡೆ ಹಾಕಬೇಡಿ. ನೂರಾರು ನೋಟಿಸುಗಳನ್ನು ಕಡೆಗಣಿಸಿದ, ತಾನೇ ನಿಲ್ಲಿಸಿದ್ದೆನೆಂಬುದರಲ್ಲಿ ವಿವಾದವಿಲ್ಲದ ಒಬ್ಬರಿಗೆ 2017ರಲ್ಲಿ ಡಂಡೀಯ ಷೆರಿಫ್ ಕೋರ್ಟ್ ಸುಮಾರು 24,500 ಪೌಂಡ್ ಕಟ್ಟಲು ಹೇಳಿತು.

ಬೋರ್ಡು ಸ್ಪಷ್ಟವಾಗಿದೆ, ನೋಟಿಸ್ ಸಮಯಕ್ಕೆ ಬಂದಿದೆ, ಒಂದು ಗಂಟೆ ಮೀರಿ ನಿಂತದ್ದು ನಿಜ, ಅಂಗಡಿಯವರೂ ಒಪ್ಪಲಿಲ್ಲ ಎಂದಾದರೆ 14 ದಿನದೊಳಗೆ 60 ಪೌಂಡ್ ಕಟ್ಟಿ. ಕಟ್ಟಿದ ಮೇಲೆ ಅಪೀಲ್ ಮಾಡುವ ದಾರಿ ಮುಚ್ಚುತ್ತದೆ. ಕಟ್ಟುವ ಮುನ್ನ ನೋಟಿಸಿನಲ್ಲಿರುವ ಕ್ಯೂಆರ್ ಕೋಡ್ ಬಿಟ್ಟು ಕಂಪನಿಯ ವೆಬ್‌ಸೈಟ್ ವಿಳಾಸವನ್ನು ಕೈಯಾರೆ ಟೈಪ್ ಮಾಡಿ, ನೋಟಿಸ್ ಸಂಖ್ಯೆ ಹಾಕಿದಾಗ ನಿಮ್ಮ ಕಾರಿನ ಫೋಟೊ ಬರುತ್ತದೆಯೇ ನೋಡಿ. ಮೆಸೇಜಿನಲ್ಲಿ ಲಿಂಕ್ ಸಮೇತ ಬರುವ ಪಾರ್ಕಿಂಗ್ ದಂಡಗಳು ಹೆಚ್ಚಾಗಿ ಮೋಸ.